ಹಾಲಿಯ ಬೆಂಬಲ ಯಾರಿಗೆ ಬೇಕು?

ಅಧ್ಯಕ್ಷನಾಗಬೇಕೆಂಬ ಆಸೆ ಗಂಡಸಿಗೆ ಸಾಮಾನ್ಯವಾಗಿ ತಲೆಗೂದಲು ಉದುರಲು ಶುರುವಾದ ಮೇಲೆ ಬರುತ್ತದೆ ಎಂದು ನಾನು ಕಂಡುಕೊಂಡಿದ್ದೇನೆ. ನನಗೂ ಆಗಲೇ ಬಂತು. ಯಾವುದೋ ದೇಶಕ್ಕೆ ಅಧ್ಯಕ್ಷನಾಗುವ ದುರಾಸೆಯೇನಲ್ಲ. ಪಶ್ಚಿಮ ಲಂಡನ್ನಿನ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ಎರಡು ವರ್ಷ ಅಧ್ಯಕ್ಷನಾಗಬೇಕು, ವೇದಿಕೆಯ ಮೇಲೆ ನಡುವಿನ ಕುರ್ಚಿಯಲ್ಲಿ ಕೂರಬೇಕು, ಅಷ್ಟೆ. ನಾನು ಕೆಲಸ ಮಾಡುವುದು ವಿಮಾನ ನಿಲ್ದಾಣದ ಪಕ್ಕದ ಒಂದು ಸರಕು ಸಾಗಣೆ ಆಫೀಸಿನಲ್ಲಿ. ಅಲ್ಲಿ 'ಅಂಗಡಿ' ಎಂಬ ಮೂರಕ್ಷರದ ಹೆಸರನ್ನು ಹೇಳಲು ಯಾರಿಗೂ ನಾಲಗೆ ತಿರುಗದೆ ಎಲ್ಲರೂ ನನ್ನನ್ನು 'ಮಿಸ್ಟರ್ ಎ' ಎಂದು ಕರೆಯುತ್ತಾರೆ. ಸಂಘದಲ್ಲಾದರೂ ಮೈಕಿನಲ್ಲಿ 'ಅಧ್ಯಕ್ಷರಾದ ಶ್ರೀಯುತ ಅಂಗಡಿಯವರು' ಎಂದು ಯಾರಾದರೂ ಒಮ್ಮೆ ಕೂಗಿದರೆ ಲಂಡನ್ನಿಗೆ ಬಂದದ್ದು ಸಾರ್ಥಕವಾದೀತು ಎಂದು ನನಗೆ ನಿಜವಾಗಿಯೂ ಅನ್ನಿಸುತ್ತಿತ್ತು. ಹಲವು ವರ್ಷಗಳಿಂದ ನಾನೇ ಸಾಂಸ್ಕೃತಿಕ ಕಾರ್ಯದರ್ಶಿ. ಮೈಕು ನನ್ನ ಕೈಯಲ್ಲೇ ಇರುತ್ತಿತ್ತು, ನಿಜ. ಆದರೆ ಅದರಲ್ಲಿ ನಾನು ಹೇಳುತ್ತಿದ್ದದ್ದು 'ಹಲೋ, ಹಲೋ' ಮತ್ತು 'ಗೇಟಿಗೆ ಅಡ್ಡವಾಗಿ ನೀಲಿ ಕಾರು ನಿಲ್ಲಿಸಿರುವವರು ದಯವಿಟ್ಟು ತೆಗೆಯಬೇಕು' ಎಂಬ ಎರಡು ಮಾತು ಮಾತ್ರ.

ಈ ಆಸೆಯನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮಲ್ಲಿ ಹಾಗೆ ಹೇಳಿಕೊಳ್ಳುವ ಪದ್ಧತಿಯಿಲ್ಲ. ಮದುವೆಮನೆಯಲ್ಲಿ ಎರಡನೆಯ ಹೋಳಿಗೆ ಬೇಕಾದವನು ಎಲೆಯ ಮೇಲೆ ಕೈ ಅಡ್ಡ ಹಿಡಿದು 'ಬ್ಯಾಡ್ರಿ, ಬ್ಯಾಡ್ರಿ' ಎನ್ನಬೇಕು, ಬಡಿಸುವವರು ಬೆರಳಿನ ಸಂದಿಯಿಂದ ಹಾಕಿ ಮುಂದೆ ಹೋಗಬೇಕು. ಸಂಘದ ಅಧ್ಯಕ್ಷಗಿರಿಯೂ ಅದೇ ರೀತಿ ನಡೆದುಕೊಂಡು ಬಂದಿತ್ತು. ಸರ್ವಸದಸ್ಯರ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ಒಂದು ಹೆಸರು ಹೇಳುತ್ತಿದ್ದರು, ಆ ಹೆಸರಿನವರು 'ಅಯ್ಯೋ, ನನಗಿಂತ ಯೋಗ್ಯರಿದ್ದಾರೆ' ಎನ್ನುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಿದ್ದರು. ಇದಕ್ಕೆ ಅವಿರೋಧ ಆಯ್ಕೆ ಎಂದು ಹೆಸರು. ಎರಡು ಸಾವಿರದ ಇಸವಿಯಲ್ಲಿ ಮಾತ್ರ ಈ ಸುಂದರ ವ್ಯವಸ್ಥೆಗೆ ಕಲ್ಲು ಬಿತ್ತು. ಪದ್ಮಜಾ ಎಂಬುವರು, ಬೆಂಗಳೂರಿನವರು, ಇಲ್ಲಿ ಕೌನ್ಸಿಲ್ ಆಫೀಸಿನಲ್ಲಿ ಕೆಲಸದಲ್ಲಿರುವವರು, ಸದಸ್ಯರಿಗೆಲ್ಲ ತಾವೇ ಫೋನು ಮಾಡಿ, 'ನಾನು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದೀನಿ, ನನಗೆ ವೋಟ್ ಹಾಕಿ' ಎಂದುಬಿಟ್ಟರು. ಹೌನ್ಸ್ಲೋದಿಂದ ಹ್ಯಾರೋವರೆಗೆ ಕನ್ನಡಿಗರ ಮನೆಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಕೊಲೆ ಮಾಡಿದವರನ್ನು ಕುರಿತು ಮಾತಾಡುವಾಗಲೂ ಜನ ಅಷ್ಟು ತಗ್ಗಿದ ದನಿಯಲ್ಲಿ ಮಾತಾಡುವುದಿಲ್ಲ. ನಾನೂ ಉಮೇದುವಾರ ಎಂಬುದು ಜನಕ್ಕೆ ಹೇಗೋ ಗೊತ್ತಾಗಿತ್ತು. ನಾನು ಹೇಳಿರಲಿಲ್ಲ, ಆದರೆ ಯಾರಾದರೂ 'ಈ ಸಲ ನೀವಂತೆ?' ಎಂದರೆ ನೆಲ ನೋಡಿ ನಗುತ್ತಿದ್ದೆ. ನಮ್ಮ ಕಡೆ ನಾಮಪತ್ರ ಸಲ್ಲಿಸುವುದೆಂದರೆ ಅದೇ.

ಆಗ ಟೀವಿಯಲ್ಲಿ ದಿನಾ ಅಮೆರಿಕದ ಚುನಾವಣೆ. ಅಲ್ಲಿನ ಹಾಲಿ ಅಧ್ಯಕ್ಷರು ಒಬ್ಬರಿಗೆ ಬೆಂಬಲ ಕೊಡಲು ತುದಿಗಾಲಲ್ಲಿ ನಿಂತಿದ್ದರೆ, ಆ ಬೆಂಬಲ ಪಡೆಯಬೇಕಾದವರು ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲೂ ಹಿಂಜರಿಯುತ್ತಿದ್ದರು. ಇನ್ನೊಂದು ಕಡೆಯ ಉಮೇದುವಾರರ ತಂದೆಯೇ ಮಾಜಿ ಅಧ್ಯಕ್ಷರು. ಮತದಾರರಿಗೆ ಹಾಲಿಯ ಮೇಲೆ ಎಷ್ಟು ಪ್ರೀತಿ, ಮಾಜಿಯ ಮೇಲೆ ಎಷ್ಟು, ಯಾರು ಬೆನ್ನು ತಟ್ಟಿದರೆ ಎಷ್ಟು ವೋಟು ಬರುತ್ತದೆ, ಎಷ್ಟು ಓಡಿಹೋಗುತ್ತದೆ ಎಂದು ಕೋಟು ಹಾಕಿಕೊಂಡ ಪಂಡಿತರು ಬಣ್ಣಬಣ್ಣದ ಚಿತ್ರ ಬಿಡಿಸಿ ವಿವರಿಸುತ್ತಿದ್ದರು. ನಾನು ಸೋಫಾದ ಮೇಲೆ ಚೂಡಾ ತಿನ್ನುತ್ತ ಅದನ್ನೆಲ್ಲ ಗಹನವಾಗಿ ಅಧ್ಯಯನ ಮಾಡಿದೆ. ನಮ್ಮಲ್ಲೂ ಹಾಲಿ ಅಧ್ಯಕ್ಷರಿದ್ದಾರೆ, ಮಾಜಿ ಅಧ್ಯಕ್ಷರಿದ್ದಾರೆ, ಮತದಾರರಿದ್ದಾರೆ. ಇಲ್ಲದಿರುವುದು ವೈಜ್ಞಾನಿಕ ದೃಷ್ಟಿಯೊಂದೇ ಎಂದು ನನಗೆ ಹೊಳೆಯಿತು. ಸಂಜೆ ಆರರ ನಂತರ ಫೋನಿನ ದರ ಇಳಿದ ಮೇಲೆ, 'ಸಂಘದ ಒಳಿತಿಗಾಗಿ ಒಂದು ಅಭಿಪ್ರಾಯ ಸಂಗ್ರಹ' ಎಂದು ಹೇಳಿಕೊಂಡು ಒಂದೊಂದೇ ಮನೆಗೆ ಫೋನು ತಿರುಗಿಸತೊಡಗಿದೆ.

ಹಾಲಿ ಅಧ್ಯಕ್ಷರು ಡಾಕ್ಟರ್ ಸುಂದರರಾಜ್, ಮೈಸೂರಿನವರು, ಇಲ್ಲಿ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು. ಸಾಧು ಮನುಷ್ಯ. ಅವರ ಬಗ್ಗೆ ಮತದಾರರ ಅಭಿಪ್ರಾಯ ಕೇಳಿ ನನಗೇ ಅವರ ಮೇಲೆ ಕನಿಕರ ಬಂತು. ಹೋದ ದೀಪಾವಳಿಯಲ್ಲಿ ಪಲ್ಯ ಉಪ್ಪಾದದ್ದು ಅವರಿಂದ. ಸಭಾಂಗಣದ ಹೀಟರು ಕೆಟ್ಟದ್ದು ಅವರಿಂದ. ಯುಗಾದಿಯ ಭಾನುವಾರ ನೆಲದಡಿಯ ರೈಲಿನ ಪಿಕಡಿಲಿ ಲೈನು ರಿಪೇರಿಗೆಂದು ಮುಚ್ಚಿದ್ದೂ, ಜನ ಬದಲಿ ಬಸ್ಸಿನಲ್ಲಿ ಬರಬೇಕಾದದ್ದೂ ಅಧ್ಯಕ್ಷರಿಗೆ ಮುಂದಾಲೋಚನೆ ಇಲ್ಲದ್ದರಿಂದ. 'ಅವರು ಮಾತಾಡೋಕೆ ನಿಂತ್ರೆ ಸಾಕು, ನಿದ್ದೆ ಬರುತ್ತೆ ಸಾರ್, ಆಸ್ಪತ್ರೇಲಿ ಇಂಜೆಕ್ಷನ್ ಯಾಕೆ ಕೊಡ್ತಾರೋ' ಎಂದರು ಒಬ್ಬರು. ಅದೇ ಮಾಜಿ ಅಧ್ಯಕ್ಷರ ಹೆಸರೆತ್ತಿದರೆ ಸಾಕು, ತಂತಿಯ ಆ ಕಡೆಯಿಂದ ಒಂದು ನಿಟ್ಟುಸಿರು. ಮಾಜಿ ಎಂದರೆ ದೇಸಾಯಿಯವರು, ಬೆಳಗಾವಿಯ ಕಡೆಯವರು, ಕಿಂಗ್ಸ್‌ಬರಿಯಲ್ಲಿ ಮನೆ. 'ದೇಸಾಯಿಯವರ ಕಾಲದಲ್ಲಿ ಶಿಸ್ತಿತ್ತು', 'ದೇಸಾಯಿಯವರ ಕಾಲದಲ್ಲಿ ಊಟ ಇತ್ತು', 'ದೇಸಾಯಿಯವರ ಕಾಲದಲ್ಲಿ ಸಂಘ ಅಂದ್ರೆ ಸಂಘ'. ಎರಡು ವರ್ಷದ ಹಿಂದೆ ಇದೇ ಬಾಯಿಗಳು ದೇಸಾಯಿಯವರದು ದರ್ಬಾರು, ಕಾರ್ಯಕ್ರಮವನ್ನೆಲ್ಲ ತಮ್ಮ ಮನೆಯ ಹತ್ತಿರವೇ ಇಟ್ಟುಕೊಳ್ಳುತ್ತಾರೆ, ಮೈಕು ಕೊಟ್ಟರೆ ವಾಪಸು ಕೊಡುವುದಿಲ್ಲ ಎಂದು ನನ್ನ ಮುಂದೆಯೇ ಹೇಳಿದ್ದವು. ಆಗ ಅವರೆಲ್ಲ ನೆನೆದು ಕಣ್ಣೀರಿಡುತ್ತಿದ್ದದ್ದು ಅದಕ್ಕೂ ಹಿಂದಿನ ಅಧ್ಯಕ್ಷರಿಗಾಗಿ. ಆ ಪುಣ್ಯಾತ್ಮರ ಹೆಸರು ಈಗ ಯಾರಿಗೂ ನೆನಪಿಲ್ಲ.

ಇಷ್ಟಾದ ಮೇಲೆ ನನ್ನ ಲೆಕ್ಕಾಚಾರ ಸರಳವಾಯಿತು. ಮಾಜಿಯ ಆಶೀರ್ವಾದ ನನಗೆ ಬೇಕು. ಹಾಲಿಯ ಆಶೀರ್ವಾದ ಪದ್ಮಜಾ ಅವರಿಗೆ ಸಿಗಬೇಕು. ಇದನ್ನು ಹೆಂಡತಿ ಗಿರಿಜಾಳಿಗೆ ವಿವರಿಸಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಅಲ್ರೀ, ನೀವು ಆರಿಸಿ ಬರಲಿಕ್ಕೆ ಹೊಂಟೀರೋ, ಆ ಬಡಪಾಯಿ ಡಾಕ್ಟರ್‌ಗ ತ್ರಾಸ ಕೊಡಲಿಕ್ಕೆ ಹೊಂಟೀರೋ?" ಎಂದಳು. ಹೆಂಗಸರಿಗೆ ರಾಜಕೀಯ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಅಂದುಕೊಳ್ಳುವಷ್ಟು ಧೈರ್ಯ ನಮ್ಮ ಮನೆಯಲ್ಲಿ ನನಗಿಲ್ಲ.

ಮೊದಲು ಕಿಂಗ್ಸ್‌ಬರಿಗೆ ಹೋದೆವು. ದೇಸಾಯಿಯವರು ಬಾಗಿಲಲ್ಲೇ "ಬಾರಪಾ ಅಂಗಡಿ, ಯಾಕ ಬಂದೀ ಅಂತ ನಂಗ ಗೊತ್ತದ" ಎಂದು ಬೆನ್ನು ಚಪ್ಪರಿಸಿದರು. ಗೊತ್ತಿದ್ದರೂ ಆ ವಿಷಯಕ್ಕೆ ಬರಲು ಅವರಿಗೆ ಒಂದು ಮಧ್ಯಾಹ್ನವೇ ಹಿಡಿಯಿತು. ಅವರು ಅಧ್ಯಕ್ಷರಾಗಿದ್ದ ಎರಡು ವರ್ಷದ ಫೋಟೋ ಆಲ್ಬಮ್ಮುಗಳೆಲ್ಲ ಹೊರಗೆ ಬಂದವು. ದೀಪ ಹಚ್ಚುತ್ತಿರುವ ದೇಸಾಯಿ, ದೀಪ ಹಚ್ಚಿ ಆದ ಮೇಲಿನ ದೇಸಾಯಿ, ಆ ದೀಪ ಹಚ್ಚಿದವರು ಇವರೇ ಎಂದು ಯಾರೋ ಬೆರಳು ತೋರಿಸುತ್ತಿರುವಾಗಿನ ದೇಸಾಯಿ. ಪ್ರತಿ ಫೋಟೋದ ಮೂಲೆಯಲ್ಲಿ ಮೈಕಿನ ವೈರು ಹಿಡಿದುಕೊಂಡು ಅರ್ಧ ಮುಖ ಕತ್ತರಿಸಿ ಹೋದ ನಾನು. ಗಿರಿಜಾ ಆ ಅರ್ಧ ಮುಖಗಳನ್ನು ಆರಿಸಿ ಆರಿಸಿ ನೋಡುತ್ತಿದ್ದದ್ದನ್ನು ನಾನು ಗಮನಿಸಿದೆ, ಯಾಕೋ ಸಂಕಟವಾಯಿತು. ಕಡೆಗೆ ದೇಸಾಯಿಯವರು, "ನೀ ಏನೂ ಕಾಳಜಿ ಮಾಡಬ್ಯಾಡ. ನಾ ಎದ್ದು ನಿಂತು ಒಂದು ಮಾತು ಅಂದ್ನಂದ್ರ ಮುಗೀತು. ನಮ್ಮ ಮಂದಿ ನನ್ನ ಮಾತು ದಾಟಂಗಿಲ್ಲ" ಎಂದರು. ನಾನು ಪದ್ಧತಿಯಂತೆ, "ನನಗ್ಯಾಕ್ರೀ ಸರ, ಇನ್ನೂ ದೊಡ್ಡವರು ಭಾಳ ಮಂದಿ ಇದ್ದಾರ" ಎಂದೆ. ಅವರು ಪದ್ಧತಿಯಂತೆ "ಸುಮ್ಮನಿರೋ" ಎಂದರು. ಅರ್ಧ ಅಧ್ಯಕ್ಷನಾಗಿ ಮನೆಗೆ ಬಂದೆ.

ಮರುವಾರ ಒಬ್ಬನೇ ಗ್ರೀನ್‌ಫರ್ಡ್‌ಗೆ, ಸುಂದರರಾಜ್ ಅವರ ಮನೆಗೆ ಹೋದೆ. ಅವರು ರಾತ್ರಿಪಾಳಿ ಮುಗಿಸಿ ಮಲಗಿ ಆಗಷ್ಟೇ ಎದ್ದಿದ್ದರು. "ಬನ್ನಿ ಬನ್ನಿ ಅಂಗಡಿಯವರೇ, ನಾನೇ ನಿಮಗೆ ಫೋನ್ ಮಾಡ್ಬೇಕು ಅಂತಿದ್ದೆ. ಈ ಸಲ ನಿಮ್ಮ ಹೆಸರೇ ಹೇಳೋಣಾಂತ ಇದ್ದೀನಿ. ನನ್ನ ಪೂರ್ತಿ ಸಪೋರ್ಟ್ ನಿಮಗೇನೆ" ಎಂದು ಕೈ ಹಿಡಿದುಕೊಂಡರು. ಸಮೀಕ್ಷೆಯ ಪ್ರಕಾರ ಆ ಮಾತು ಅವರ ಬಾಯಿಂದ ಹೊರಬಿದ್ದ ಕ್ಷಣ ಹೌನ್ಸ್ಲೋದ ಅರ್ಧ ವೋಟು ಹೋದಂತೆಯೇ. ನಾನು ಕಾಫಿ ಲೋಟ ಕೆಳಗಿಟ್ಟು ತ್ಯಾಗಮೂರ್ತಿಯ ದನಿ ತೆಗೆದೆ. "ಡಾಕ್ಟರೇ, ನಿಮ್ಮಂಥವರ ಆಶೀರ್ವಾದ ಹೊಸಬರಿಗೆ ಸಿಗಬೇಕು. ಪದ್ಮಜಾ ಅವರು ಧೈರ್ಯವಾಗಿ ಮುಂದೆ ಬಂದಿದ್ದಾರೆ. ನೀವು ಅವರ ಹೆಸರು ಹೇಳಿ. ನನಗೇನೂ ಬೇಸರವಿಲ್ಲ" ಎಂದೆ. ಸುಂದರರಾಜ್ ಕನ್ನಡಕ ತೆಗೆದು ಒರೆಸಿಕೊಂಡರು. "ಈ ಕಾಲದಲ್ಲಿ ಇಂಥ ದೊಡ್ಡ ಮನಸ್ಸು..." ಎಂದು ಅರ್ಧಕ್ಕೇ ನಿಲ್ಲಿಸಿದರು. ಅವರ ಹೆಂಡತಿ ನನಗೆ ಇನ್ನೊಂದು ಕೋಡುಬಳೆ ಹಾಕಿದರು.

ಅಷ್ಟಕ್ಕೇ ಎದ್ದು ಬಂದಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿ ಬರುತ್ತಿರಲಿಲ್ಲ. ಆ ಕೋಡುಬಳೆ ಗಂಟಲಲ್ಲಿ ಇಳಿಯಲೊಲ್ಲದೆ, ಪಾಪಪ್ರಜ್ಞೆಯೋ ಏನೋ ಒಂದು ಎದ್ದು, ಈ ಮನುಷ್ಯನಿಗೆ ಏನಾದರೂ ಒಳ್ಳೆಯದು ಮಾಡಬೇಕು ಅನ್ನಿಸಿತು. ನಮ್ಮಲ್ಲಿ ಇಳಿಯುವ ಅಧ್ಯಕ್ಷರಿಗೆ ಸನ್ಮಾನ ಮಾಡುವ ರೂಢಿಯುಂಟು. ಆದರೆ ಅದು ಯಾವಾಗಲೂ ಆಯ್ಕೆ ಮುಗಿದ ಮೇಲೆ. ಅಷ್ಟರಲ್ಲಿ ಜನ ಊಟದ ಸಾಲಿನಲ್ಲಿ ನಿಂತಿರುತ್ತಾರೆ. ಪಾಪ, ಇಳಿದವರು ಶಾಲು ಹೊದ್ದು ಖಾಲಿ ಕುರ್ಚಿಗಳಿಗೆ ಕೈಮುಗಿಯುತ್ತಾರೆ. "ಈ ಸಲ ನಿಮ್ಮ ಸನ್ಮಾನ ಆಯ್ಕೆಗೆ ಮುಂಚೆ ಇಡ್ತೀನಿ ಡಾಕ್ಟರೇ, ತುಂಬಿದ ಸಭೆಯಲ್ಲಿ" ಎಂದು ಮಾತು ಕೊಟ್ಟುಬಿಟ್ಟೆ. ಕಾರ್ಯಕ್ರಮದ ಪಟ್ಟಿ ತಯಾರಿಸುವವನು ನಾನೇ ತಾನೆ? ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಳ್ಳುವ ಅಧಿಕಾರವೂ ಸಾಂಸ್ಕೃತಿಕ ಕಾರ್ಯದರ್ಶಿಗೆ ಇತ್ತು.

ಸಭೆ ನಡೆದದ್ದು ಗ್ರೀನ್‌ಫರ್ಡ್‌ನ ಒಂದು ಶಾಲೆಯ ಹಾಲಿನಲ್ಲಿ, ರಾಜ್ಯೋತ್ಸವದ ಜೊತೆಗೆ. ಮಕ್ಕಳ ಕುಣಿತ ಮುಗಿದ ಮೇಲೆ ಸನ್ಮಾನ. ಸಂಘಕ್ಕೆ ಇರುವುದು ಒಂದೇ ಮೈಸೂರು ಪೇಟ. ಯಾರ ತಲೆಗೂ ಅದು ಸರಿಯಾಗಿ ಕೂರುವುದಿಲ್ಲ, ಫೋಟೋ ತೆಗೆದ ಮೇಲೆ ವಾಪಸು ಡಬ್ಬಿಗೆ ಹೋಗುತ್ತದೆ. ಆದರೆ ಸುಂದರರಾಜ್ ಅವರ ತಲೆಯ ಮೇಲೆ ಅದು ಹೊಲಿಸಿದಂತೆ ಕೂತಿತು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ನಾನೇ ಮೈಕಿನಲ್ಲಿ, ಕೈತಪ್ಪಿಯೋ ಬಾಯಿತಪ್ಪಿಯೋ, "ಇದೀಗ ಮಾಜಿಯಾಗುತ್ತಿರುವ ನಮ್ಮ ಪ್ರೀತಿಯ ಅಧ್ಯಕ್ಷರು" ಎಂದುಬಿಟ್ಟೆ. ಆ ಒಂದು ಶಬ್ದಕ್ಕೆ ಇರುವ ಶಕ್ತಿಯನ್ನು ಟೀವಿಯ ಯಾವ ಪಂಡಿತರೂ ನನಗೆ ಹೇಳಿರಲಿಲ್ಲ. ಪಲ್ಯ ಉಪ್ಪು ಎಂದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿದ್ದೆ ಬರುತ್ತದೆ ಎಂದವರು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಪಕ್ಕದಲ್ಲೇ ಒಬ್ಬರು, "ಎಂಥಾ ಮನುಷ್ಯ ಸಾರ್! ಇನ್ಮೇಲೆ ಇಂಥವರು ಎಲ್ಲಿ ಸಿಗ್ತಾರೆ?" ಎಂದರು. ಪಿಕಡಿಲಿ ಲೈನು ಮುಚ್ಚಿದ್ದಕ್ಕೆ ಡಾಕ್ಟರನ್ನು ಹೊಣೆ ಮಾಡಿದ್ದ ಮಹಾಶಯರೇ ಅವರು.

ನಂತರ ನನ್ನ ಆಸ್ತಿಯಾದ ದೇಸಾಯಿಯವರನ್ನು ವೇದಿಕೆಗೆ ಕರೆದೆ. ಅವರು ಠೀವಿಯಿಂದ ಮೈಕು ಹಿಡಿದು, "ನನ್ನ ಕಾಲದಾಗ..." ಎಂದು ಶುರುಮಾಡಿದರು. ಯಾರೂ ನಿಟ್ಟುಸಿರು ಬಿಡಲಿಲ್ಲ. ಜನರ ಹೃದಯದಲ್ಲಿ ಮಾಜಿಗೆಂದು ಇರುವುದು ಒಂದೇ ಕುರ್ಚಿ, ಅದರಲ್ಲಿ ಆಗಲೇ ಪೇಟ ಧರಿಸಿದವರೊಬ್ಬರು ಕೂತಾಗಿತ್ತು. ಹಿಂದಿನ ಸಾಲಿನಿಂದ ಯಾರೋ ಹೆಂಗಸು, "ಇವರ ಭಾಷಣ ಊಟ ಆದ್ಮೇಲೆ ಇಟ್ಕೋಬಾರ್ದಿತ್ತಾ?" ಎಂದದ್ದು ಮೈಕಿಗೂ ಕೇಳಿಸಿತು. ಬಿಸಿಬೇಳೆಬಾತಿನ ಪರಿಮಳ ಸಭಾಂಗಣದೊಳಕ್ಕೆ ಬಂದ ಹೊತ್ತಿಗೆ ದೇಸಾಯಿಯವರು ನನ್ನ ಹೆಸರಿಗೆ ಬಂದರು. "ಅಂಗಡಿ ಛಲೋ ಹುಡುಗ, ನಾ ಹೇಳ್ತೀನಿ, ಅವಗ ಹಾಕ್ರಿ" ಎಂದರು. ನನಗೆ ಆಗ ಐವತ್ತರ ಹತ್ತಿರ. ಮಕ್ಕಳ ಸಾಲಿನಿಂದ ಒಂದು ಕಿಸಕ್ಕನೆ ನಗೆ ಬಂತು, ಇನ್ನೇನೂ ಬರಲಿಲ್ಲ.

ಕಡೆಯಲ್ಲಿ ಸುಂದರರಾಜ್ ಎದ್ದರು. "ನಾನು ಪದ್ಮಜಾ ಅವರನ್ನ ಬೆಂಬಲಿಸ್ತೀನಿ" ಎಂದಷ್ಟೇ ಹೇಳಿ ಅವರು ಕೂತುಬಿಟ್ಟಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಕೂರಲಿಲ್ಲ. "ಆದ್ರೆ ಇದು ನನ್ನ ಸ್ವಂತ ವಿಚಾರ ಅಲ್ಲ. ಒಂದು ಗುಟ್ಟು ಹೇಳ್ತೀನಿ, ಅಂಗಡಿಯವರು ಕ್ಷಮಿಸಬೇಕು. ನಾನು ಅವರ ಹೆಸರು ಹೇಳ್ತೀನಿ ಅಂದಾಗ ನಮ್ಮನೆಗೆ ಬಂದು, ಬೇಡ ಡಾಕ್ಟರೇ, ನನ್ನ ಎದುರಾಳಿಯನ್ನ ಬೆಂಬಲಿಸಿ ಅಂದವರು ಅವರೇ. ಇಂಥ ಉಮೇದುವಾರರನ್ನ ಪ್ರಪಂಚದ ಯಾವ ಚುನಾವಣೇಲಿ ನೋಡಿದ್ದೀರಿ ಹೇಳಿ!" ಎಂದು ನನ್ನ ಕಡೆ ಕೈ ಚಾಚಿದರು. ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ಚಪ್ಪಾಳೆಯೆಂದರೆ ಅಂಥ ಚಪ್ಪಾಳೆ ನನ್ನ ಜನ್ಮದಲ್ಲಿ ನನಗಾಗಿ ಯಾರೂ ತಟ್ಟಿರಲಿಲ್ಲ. ಪದ್ಮಜಾ ಅವರು ಬಂದು "ತುಂಬಾ ಥ್ಯಾಂಕ್ಸ್ ಅಂಗಡಿಯವರೇ" ಎಂದು ಕೈಮುಗಿದರು. ಆಮೇಲೆ ಕೈ ಎತ್ತುವ ಕಾರ್ಯಕ್ರಮ. 'ಪದ್ಮಜಾ ಅವರ ಪರವಾಗಿ' ಎಂದು ಕೇಳಿದಾಗ ಯಾರೂ ತಕ್ಷಣ ಕೈ ಎತ್ತಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಭಕ್ತಿಯಿಂದ. ಅಷ್ಟು ಜನ ಅಷ್ಟು ಪ್ರೀತಿಯಿಂದ ನೋಡುತ್ತಿರುವಾಗ ಏನು ಮಾಡಲಿ? ನನ್ನ ಬಲಗೈ ತಾನಾಗಿ ಮೇಲೆ ಹೋಯಿತು. ಅದರ ಹಿಂದೆಯೇ ಹೌನ್ಸ್ಲೋ ಕೈಗಳು ಹೋದವು, ಗ್ರೀನ್‌ಫರ್ಡ್ ಕೈಗಳು ಹೋದವು, ಕಿಂಗ್ಸ್‌ಬರಿಯ ಕೈಗಳೂ ಹೋದವು. ನನ್ನ ಪರ ದೇಸಾಯಿಯವರ ಕೈಯೊಂದೇ ಎದ್ದಿತು. ಅವರೂ ಅದನ್ನು ಅರ್ಧದಲ್ಲಿ ಇಳಿಸಿ ತಲೆ ಸವರಿಕೊಂಡರು. ಹಾಲಿಯ ಬೆಂಬಲಕ್ಕೆ ಬೆಲೆಯಿಲ್ಲ, ಮಾಜಿಯ ಬೆಂಬಲಕ್ಕೆ ಬೆಲೆಯಿದೆ ಎಂದು ಸಂಶೋಧನೆ ಮಾಡಿದ್ದೆನಲ್ಲ, ಆ ದಿನ ನಿಜವಾಗಿ ಗೆಲ್ಲಿಸಿದ್ದು ಏನೂ ಆಗಿರದ ನನ್ನ ಬೆಂಬಲ.

ಮನೆಗೆ ಹೊರಟಾಗ ಮಳೆ. ಗಿರಿಜಾ ಕಾರಿನಲ್ಲಿ ನನ್ನ ಪಕ್ಕ ಕೂತಿದ್ದಳು. ನನಗೆ ದುಃಖವಾಗಿತ್ತು, ಹೇಳಿಕೊಳ್ಳಲು ನಾಚಿಕೆಯಾದರೂ ಆಗಿತ್ತು. ಕಡೆಗೆ ತಡೆಯಲಾರದೆ, "ನೀನರ ಯಾರಿಗೆ ಕೈ ಎತ್ತಿದಿ?" ಎಂದೆ.

"ನೀವು ಎತ್ತಿದ್ರಲ್ಲ, ನಾನೂ ಎತ್ತಿದೆ. ಗಂಡನ ಮಾತು ಮೀರಬಾರದಲ್ಲ" ಎಂದಳು ಗಿರಿಜಾ. ಇಪ್ಪತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಆಕೆ ಈ ನಿಯಮವನ್ನು ಪಾಲಿಸಿದ್ದು ಇದೇ ಮೊದಲು.

"ಜನರ ಅಭಿಪ್ರಾಯ ಎಷ್ಟು ಬೇಗ ಬದಲಾಗ್ತದ ನೋಡು" ಎಂದು ನಾನು ಮತದಾರರ ಮೇಲೆ ಶುರುಮಾಡಿದೆ. ಸಮೀಕ್ಷೆ ಮಾಡಿದಾಗ ಹೇಳಿದ್ದೇನು, ಇವತ್ತು ಮಾಡಿದ್ದೇನು ಎಂದು ಒಬ್ಬೊಬ್ಬರನ್ನೇ ಹಿಡಿದು ಬೈದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡು, "ಅಷ್ಟು ಮಂದಿಗೆ ಫೋನ್ ಮಾಡಿದ್ರಿ. ಡಾಕ್ಟರ್ ಹೆಂಗ, ದೇಸಾಯಿಯವರು ಹೆಂಗ, ಯಾರ ಮಾತು ಕೇಳ್ತೀರಿ, ಎಲ್ಲಾ ಕೇಳಿದ್ರಿ. ನನಗ ವೋಟ್ ಹಾಕ್ರಿ ಅಂತ ಯಾರಿಗರ ಕೇಳಿದ್ರ್ಯಾ?" ಎಂದಳು.

ವೈಪರು ಆ ಕಡೆಯಿಂದ ಈ ಕಡೆಗೆ ಆಡುತ್ತಿತ್ತು. ನಾನು ಪ್ರತಿಯೊಂದು ಫೋನನ್ನೂ ನೆನಪು ಮಾಡಿಕೊಂಡೆ. ಇಲ್ಲ, ಯಾರನ್ನೂ ಕೇಳಿರಲಿಲ್ಲ.

"ಹೋಗ್ಲಿ, ನನಗರ ಕೇಳಿದ್ರ್ಯಾ?"

ಅದೂ ನಿಜ. ನನ್ನ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದ ಮತದಾರಳನ್ನು ಸಮೀಕ್ಷೆಗೆ ಸೇರಿಸಿರಲೇ ಇಲ್ಲ. ಹೌನ್ಸ್ಲೋದ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಮೊತ್ತಮೊದಲ ಬಾರಿಗೆ, ಎಲ್ಲ ಮಾನಮರ್ಯಾದೆ ಬಿಟ್ಟು, ನೇರವಾಗಿ ಕೇಳಿದೆ. "ಗಿರಿಜಾ, ಮುಂದಿನ ಸಲ ನಾ ನಿಂತ್ರ ನನಗ ವೋಟ್ ಹಾಕ್ತೀಯಾ?"

ಅವಳು ಸೆರಗು ಸರಿಪಡಿಸಿಕೊಂಡು ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿದಳು.

"ತಡೀರಿ," ಎಂದಳು, "ಸುಂದರರಾಜ್ ಅವರು ಏನಂತಾರ ಕೇಳಿ ಹೇಳ್ತೀನಿ."